ಆಯಿಲ್ ತಿಳಿಯಾಗಿತ್ತು, ತೆಳುವೂ ಆಗಿತ್ತು: ಹೈಬ್ರಿಡ್ ಕಾರಿಗೆ ಬೈಪಾಸ್ ಫಿಲ್ಟರ್ ಹಾಕಿಸಿದ ಒಂದು ಪ್ರಕರಣ

ಈ ಕಾರು ಮೈಸೂರಿನದು. ಪೆಟ್ರೋಲ್ ಸ್ಟ್ರಾಂಗ್ ಹೈಬ್ರಿಡ್, ಅಂದರೆ ಬ್ಯಾಟರಿ ಮೇಲೇ ಸ್ವಲ್ಪ ದೂರ ಓಡಬಲ್ಲ ಗಾಡಿ. ಮಾಲೀಕರು, ಕಾರಿನ ಕಂಪನಿ, ಸರ್ವಿಸ್ ಸೆಂಟರ್, ಲ್ಯಾಬ್ ಯಾರ ಹೆಸರನ್ನೂ ಹೇಳುವುದಿಲ್ಲ. ಗುರುತು ಹಿಡಿಯಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಹೈಬ್ರಿಡ್ ಇಟ್ಟುಕೊಂಡು ಊರೊಳಗೆ ಮಾತ್ರ ಓಡಿಸುವವರು ಈಗ ಬಹಳ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಮಾಲೀಕರಿಗೆ ಒಂದು ಸಣ್ಣ ವರ್ಕ್‌ಶಾಪ್ ಇದೆ. ಹೈಡ್ರಾಲಿಕ್ ಪ್ರೆಸ್‌ಗಳ ಕೆಲಸ. ಪ್ರೆಸ್ಸಿನ ಆಯಿಲ್ ಕೆಡುವುದು ಹೆಚ್ಚಾಗಿ ಕೊಳೆಯಿಂದ. ದೂಳು, ಲೋಹದ ಪುಡಿ, ಸವೆದ ಸೀಲಿನ ಚೂರು ಎಲ್ಲ ಸೇರಿ ವಾಲ್ವ್‌ಗಳನ್ನು ಹಾಳು ಮಾಡುತ್ತವೆ. ಅದಕ್ಕೇ ಅವರು ಟ್ಯಾಂಕಿನ ಪಕ್ಕದಲ್ಲಿ ಬೇರೆ ಪಂಪು, ಬೇರೆ ಸೂಕ್ಷ್ಮ ಫಿಲ್ಟರ್ ಇಟ್ಟು ಆಯಿಲನ್ನು ನಿಧಾನವಾಗಿ ಸುತ್ತಿಸುತ್ತಾರೆ. ಇದರಿಂದ ಅವರ ಆಯಿಲ್ ಖರ್ಚು ತುಂಬಾ ಇಳಿದಿತ್ತು. ಆಯಿಲ್ ಅಂದರೆ ಕೊಳೆ ತೆಗೆದು ಮತ್ತೆ ಬಳಸುವ ವಸ್ತು ಅನ್ನುವುದು ಅವರ ಕೈಯಲ್ಲಿ ಕೂತ ಅನುಭವ. ಮುಂದಿನ ತೀರ್ಮಾನಗಳೆಲ್ಲ ಹುಟ್ಟಿದ್ದು ಇಲ್ಲಿಂದಲೇ. ಆದ್ದರಿಂದ ಇದನ್ನು ಮೊದಲೇ ಹೇಳಿದೆ.

ಕಾರಿನ ಓಡಾಟ ಹೀಗಿತ್ತು. ಮನೆಯಿಂದ ವರ್ಕ್‌ಶಾಪಿಗೆ ನಾಲ್ಕೈದು ಕಿಲೋಮೀಟರ್. ಮಧ್ಯಾಹ್ನ ಊಟಕ್ಕೆ ಬಂದು ಹೋಗುವುದು. ಸಂಜೆ ಮಾರ್ಕೆಟ್ಟು, ಇಲ್ಲವೇ ವಾಕಿಂಗ್‌ಗೆ ಕುಕ್ಕರಹಳ್ಳಿ ಕೆರೆ. ಬೆಂಗಳೂರಿಗೆ ಹೋಗುವುದಿದ್ದರೆ ಟ್ರೈನು. ವರ್ಷಕ್ಕೆ ಓಡುವುದೇ ಆರೇಳು ಸಾವಿರ ಕಿಲೋಮೀಟರ್. ಅದರಲ್ಲೂ ಅವರಿಗೆ ಇವಿ ಬಟನ್ (ಬ್ಯಾಟರಿ ಮೇಲೆ ಮಾತ್ರ ಓಡಿಸುವ ಗುಂಡಿ) ಒತ್ತಿ ಓಡಿಸುವುದು ಬಹಳ ಇಷ್ಟ. ಪ್ರಯಾಣ ಮುಗಿದಾಗ ಎಂಜಿನ್ ಎಷ್ಟು ಹೊತ್ತು ಆಫ್ ಇತ್ತು ಅಂತ ಪರದೆ ಮೇಲೆ ಶೇಕಡಾವಾರು ಬರುತ್ತದಲ್ಲ, ಅದನ್ನು ದಿನಾ ನೋಡುತ್ತಿದ್ದರು. "ಮಾರ್ಕೆಟ್ಟಿಗೆ ಹೋಗಿ ಬರೋದ್ರಲ್ಲಿ ಎಂಜಿನ್ ಎರಡು ಸಲ ಸ್ಟಾರ್ಟ್ ಆದ್ರೆ ಹೆಚ್ಚು" ಎಂದು ಅವರ ಮನೆಯವರು ನನಗೆ ಹೇಳಿದ್ದರು. ಅವರು ಮೆಚ್ಚಿ ಹೇಳಿದ ಮಾತು ಅದು. ನನಗೆ ಆಮೇಲೆ ಅದೇ ಮುಖ್ಯ ಸುಳಿವಾಯಿತು.

ಆಯಿಲ್ ಚೇಂಜ್ ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ಆಗುತ್ತಿತ್ತು. ಮ್ಯಾನ್ಯುಯಲ್‌ನಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದಿತ್ತು. ಅದರ ಕೆಳಗೇ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಪದೇ ಪದೇ ಚಿಕ್ಕ ಪ್ರಯಾಣ ಮಾಡುವವರು ಇದರ ಅರ್ಧಕ್ಕೇ ಬದಲಿಸಬೇಕು ಎಂದು. ಆ ಸಾಲನ್ನು ಯಾರೂ ಅವರಿಗೆ ತೋರಿಸಿರಲಿಲ್ಲ.

ಗೇಜ್ ಏರಿದ್ದು

ಒಂದು ಚಳಿಗಾಲದಲ್ಲಿ ಟೈರ್ ಬದಲಿಸಲು ಪರಿಚಯದ ಗ್ಯಾರೇಜಿಗೆ ಹೋದಾಗ ಹುಡುಗ ಸುಮ್ನೆ ಬಾನೆಟ್ ತೆಗೆದು, ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದ. "ಸಾರ್, ಫುಲ್ ಮಾರ್ಕಿಗಿಂತ ಮೇಲಿದೆ. ಯಾರು ಟಾಪ್ ಅಪ್ ಮಾಡಿದ್ರು?" ಅಂದ. ಯಾರೂ ಮಾಡಿರಲಿಲ್ಲ. ಎಂಜಿನ್ ಆಯಿಲ್ ಕಮ್ಮಿ ಆಗುವುದು ಎಲ್ಲರಿಗೂ ಗೊತ್ತು. ತಾನಾಗಿ ಜಾಸ್ತಿ ಆಯಿತು ಅಂದರೆ ಅದರೊಳಗೆ ಆಯಿಲ್ ಅಲ್ಲದ್ದು ಏನೋ ಸೇರಿದೆ ಎಂದೇ ಅರ್ಥ.

ಡಿಪ್‌ಸ್ಟಿಕ್ ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲ್ ವಾಸನೆ. ತುದಿಯಲ್ಲಿ ಹನಿ ನಿಲ್ಲದೆ ಬೇಗ ಬೇಗ ಜಾರುತ್ತಿತ್ತು. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗಡೆ, ಮಜ್ಜಿಗೆ ಕಡೆದಾಗ ಮೇಲೆ ಬರುವ ಬೆಣ್ಣೆಯ ಹಾಗೆ, ಮಸುಕು ಹಳದಿಯ ಮೆತ್ತನೆ ಪದರ ಅಂಟಿತ್ತು. ಆಯಿಲಿನ ಬಣ್ಣ ಮಾತ್ರ ಕೆಟ್ಟಿರಲಿಲ್ಲ. ನಸುಗಂದು ಬಣ್ಣ, ಅಷ್ಟೇ.

ಸರ್ವಿಸ್ ಸೆಂಟರಿನಲ್ಲಿ ಕೇಳಿದ್ದಕ್ಕೆ ಹೈಬ್ರಿಡ್‌ಗಳಲ್ಲಿ ಇದೆಲ್ಲ ಮಾಮೂಲು ಎಂಬ ಉತ್ತರ ಬಂತು. ಪೂರ್ತಿ ಸುಳ್ಳೇನಲ್ಲ. ಆದರೆ ಎಷ್ಟರವರೆಗೆ ಮಾಮೂಲು, ಎಲ್ಲಿಂದ ತೊಂದರೆ ಅನ್ನುವುದನ್ನು ಯಾರೂ ಹೇಳಲಿಲ್ಲ. ಹಾಗಾಗಿ ಅವರು ತಮ್ಮ ಹೈಡ್ರಾಲಿಕ್ ಆಯಿಲ್ ಪರೀಕ್ಷೆ ಮಾಡಿಸುವ ಬೆಂಗಳೂರಿನ ಲ್ಯಾಬಿಗೇ ಈ ಆಯಿಲನ್ನೂ ಕಳಿಸಿದರು. ಕಳಿಸಿದ್ದು ಒಳ್ಳೆಯ ತೀರ್ಮಾನ. ಫಾರಂ ತುಂಬುವಾಗ ಅಭ್ಯಾಸಬಲದಿಂದ ಕಣಗಳ ಎಣಿಕೆಗೂ ಟಿಕ್ ಹಾಕಿದರು. ಹಾದಿ ಬೇರೆ ಕಡೆ ತಿರುಗಿದ್ದು ಅಲ್ಲಿ.

ರಿಪೋರ್ಟಿನಲ್ಲಿ ಏನೇನಿತ್ತು ನೋಡೋಣ. ಇವರ ಕಾರಿಗೆ ಹಾಕುವುದು 0ಡಬ್ಲ್ಯೂ-20 ಆಯಿಲ್. ಈ ಗ್ರೇಡಿನ ಆಯಿಲಿನ ಗಟ್ಟಿತನ 100 ಡಿಗ್ರಿ ಬಿಸಿಯಲ್ಲಿ 6.9ರಿಂದ 9.3 ಸೆಂಟಿಸ್ಟೋಕ್ಸ್ (ಗಟ್ಟಿತನದ ಅಳತೆ) ಒಳಗೆ ಇರಬೇಕು ಎನ್ನುವುದು ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇ ನಿಯಮ. ಇವರದು 6.9ಕ್ಕಿಂತ ಕೆಳಗೆ ಇಳಿದು, ಇನ್ನೂ ತೆಳುವಾದ 16ರ ಗ್ರೇಡಿನ ಜಾಗಕ್ಕೆ ಬಂದಿತ್ತು. ಹೊಸ ಆಯಿಲಿನ ಫ್ಲಾಶ್ ಪಾಯಿಂಟ್, ಅಂದರೆ ಅದರ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಬಿಸಿ, ಸಾಮಾನ್ಯವಾಗಿ 200 ಡಿಗ್ರಿ ದಾಟಿರುತ್ತದೆ. ಇಲ್ಲಿ ಅದೂ ಚೆನ್ನಾಗಿ ಕುಸಿದಿತ್ತು. ಪೆಟ್ರೋಲ್ ಬೆರಕೆ ಶೇ 4ರ ಆಸುಪಾಸು. ಸ್ವಲ್ಪ ನೀರೂ ಇತ್ತು. ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ ಗಾಬರಿ ಪಡುವಷ್ಟಿರಲಿಲ್ಲ. ಸೋಡಿಯಂ, ಪೊಟ್ಯಾಸಿಯಂ ಏರಿರಲಿಲ್ಲ, ಅಂದರೆ ಎಂಜಿನ್ ತಂಪು ಮಾಡುವ ಕೂಲಂಟ್ ಸೋರಿಲ್ಲ. ಸಿಲಿಕಾನ್ ಕಮ್ಮಿ, ಅಂದರೆ ಏರ್ ಫಿಲ್ಟರ್ ತಪ್ಪಿಸಿಕೊಂಡು ದೂಳು ಒಳಗೆ ಹೋಗುತ್ತಿಲ್ಲ.

ಒಟ್ಟಿನಲ್ಲಿ ಈ ರಿಪೋರ್ಟ್ ಹೇಳುತ್ತಿದ್ದದ್ದು ಒಂದೇ ಮಾತು. ಆಯಿಲಿಗೆ ಪೆಟ್ರೋಲ್ ಸೇರಿದೆ, ಕೊಳೆ ಅಲ್ಲ.

ಆದರೆ ಕೊನೆಯ ಸಾಲಿನಲ್ಲಿ ಐಎಸ್‌ಒ 4406 ಕೋಡ್, ಅಂದರೆ ಆಯಿಲಿನಲ್ಲಿ ಎಷ್ಟು ಕಣ ಇವೆ ಎಂದು ಹೇಳುವ ಅಂಕಿ, ಇತ್ತು. ಹೈಡ್ರಾಲಿಕ್ಸ್‌ನವರಿಗೆ ಅದು ದಿನಬಳಕೆಯ ಲೆಕ್ಕ. ಅವರ ಪ್ರೆಸ್ಸಿನ ಆಯಿಲಿಗೆ ಹೋಲಿಸಿದರೆ ಕಾರಿನ ಆಯಿಲಿನ ಕೋಡ್ ತೀರಾ ಕೊಳಕು. ಅವರ ಕಣ್ಣು ಅಲ್ಲೇ ನಿಂತಿತು. ಎಂಜಿನ್ ಆಯಿಲಿಗೆ ಈ ಎಣಿಕೆ ಅಷ್ಟು ನಂಬಿಕೆಗೆ ಅರ್ಹವಲ್ಲ. ಬೆಳಕು ಹಾಯಿಸಿ ಎಣಿಸುವ ಯಂತ್ರ ಮಸಿಯನ್ನೂ, ಸಣ್ಣ ನೀರಹನಿಗಳನ್ನೂ ಕಣ ಎಂದೇ ಲೆಕ್ಕ ಹಾಕುತ್ತದೆ. ಇವರ ಆಯಿಲಿನಲ್ಲಿ ನೀರಿತ್ತು ಅಲ್ವಾ? ಆ ಹನಿಗಳೂ ಕೊಳೆಯ ಲೆಕ್ಕಕ್ಕೆ ಸೇರಿಬಿಟ್ಟಿದ್ದವು.

ಬೈಪಾಸ್ ಫಿಲ್ಟರ್ ಬಂತು

ಬೈಪಾಸ್ ಫಿಲ್ಟರ್ ಹೊಸ ವಿಚಾರ ಅಲ್ಲ. ಕಾರಿನ ಮಾಮೂಲಿ ಆಯಿಲ್ ಫಿಲ್ಟರಿನಲ್ಲಿ ಪಂಪಿನಿಂದ ಬರುವ ಆಯಿಲೆಲ್ಲ ಹಾದುಹೋಗಬೇಕು. ತುಂಬಾ ಬಿಗಿಯಾದ ಕಾಗದ ಹಾಕಿದರೆ ಬೇರಿಂಗ್‌ಗಳಿಗೆ ಆಯಿಲೇ ಸಿಗದು. ಹಾಗಾಗಿ ಅದು ಚೆನ್ನಾಗಿ ಹಿಡಿಯುವುದು 20-30 ಮೈಕ್ರಾನ್‌ನ, ಇಲ್ಲವೇ ಅದಕ್ಕಿಂತ ದಪ್ಪ ಕಣಗಳನ್ನು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಬೈಪಾಸ್ ಫಿಲ್ಟರ್ ಪಕ್ಕದ ದಾರಿಯಲ್ಲಿ ಕೂರುತ್ತದೆ. ಒಟ್ಟು ಹರಿವಿನ ಹತ್ತರಲ್ಲಿ ಒಂದು ಪಾಲನ್ನೋ, ಇನ್ನೂ ಕಮ್ಮಿಯನ್ನೋ ಸಣ್ಣ ತೂತಿನ ಮೂಲಕ ಎಳೆದು, ಒತ್ತಾಗಿ ಸುತ್ತಿದ ಮಾಧ್ಯಮದಲ್ಲಿ ನಿಧಾನವಾಗಿ ಹಾಯಿಸಿ, ವಾಪಸ್ ಚೇಂಬರಿಗೆ (ಎಂಜಿನ್ ಕೆಳಗಿನ ಆಯಿಲ್ ಪಾತ್ರೆಗೆ) ಬಿಡುತ್ತದೆ. ಎರಡು ಮೂರು ಮೈಕ್ರಾನ್‌ನ ಕಣಗಳೂ ಸಿಕ್ಕಿಬೀಳುತ್ತವೆ. ದಿನವಿಡೀ ಓಡುವ ಡೀಸೆಲ್ ಲಾರಿಗಳಲ್ಲಿ, ದೊಡ್ಡ ಜನರೇಟರ್‌ಗಳಲ್ಲಿ ಇದರ ಉಪಯೋಗ ನಿಜಕ್ಕೂ ದೊಡ್ಡದು. ಅಲ್ಲಿ ಮಸಿ ಜಾಸ್ತಿ, ಚೇಂಬರ್ ದೊಡ್ಡದು, ಆಯಿಲ್ ಗಂಟೆಗಟ್ಟಲೆ ಬಿಸಿಯಾಗೇ ಇರುತ್ತದೆ.

ಮಾಲೀಕರ ಯೋಚನೆ ಹೀಗಿತ್ತು. ಫಿಲ್ಟರ್ ಹಾಕಿದರೆ ಕಣ ಹೋಗುತ್ತದೆ. ಒಳಗಿನ ಹತ್ತಿಕಾಗದ ಸ್ವಲ್ಪ ನೀರನ್ನೂ ಹೀರುತ್ತದೆ. ಆಯಿಲ್ ಪ್ರಮಾಣವೂ ಹೆಚ್ಚುತ್ತದೆ. ಆಗ ಆಯಿಲ್ ಚೇಂಜನ್ನು ಎರಡು ವರ್ಷಕ್ಕೆ ಎಳೆಯಬಹುದು.

ಕೆಲಸ ಮಾತ್ರ ಬಹಳ ಅಚ್ಚುಕಟ್ಟಾಗಿ ಮಾಡಿದ್ದರು. ಆಯಿಲ್ ಪ್ರೆಷರ್ ಸ್ವಿಚ್ ಕೂರುವ ಜಾಗದಲ್ಲಿ ಟೀ ಜಾಯಿಂಟ್. ಅಲ್ಲಿಂದ ಹೆಣೆದ ಉಕ್ಕಿನ ಹೋಸ್. ಆಯಿಲ್ ಮುಚ್ಚಳಕ್ಕೆ ವಾಪಸ್ ಲೈನ್. ಮಧ್ಯೆ ಒಂದು ಬಾಲ್ ವಾಲ್ವ್, ಬೇಕಾದಾಗ ಮುಚ್ಚಲು. ಫಿಲ್ಟರಿನ ಡಬ್ಬಿ ಹಿಡಿಯುವ ಬ್ರಾಕೆಟ್ಟನ್ನು ತಮ್ಮ ವರ್ಕ್‌ಶಾಪಿನಲ್ಲೇ ಮಾಡಿದ್ದರು. ಹೈಬ್ರಿಡ್ ಬಾನೆಟ್ಟಿನೊಳಗೆ ಜಾಗ ಎಲ್ಲಿರುತ್ತದೆ? ಇನ್ವರ್ಟರ್ ಒಂದು ಕಡೆ, ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್‌ಗಳು ಇನ್ನೊಂದು ಕಡೆ. ಆ ಕೇಬಲ್‌ಗಳ ಹತ್ತಿರ ಬಿಸಿ ಆಯಿಲಿನ ಹೋಸ್ ಸುಳಿಯಲೂ ಬಾರದು. ಕೊನೆಗೆ ಉಳಿದದ್ದು ಮುಂದಿನ ಬಂಪರಿನ ಹಿಂಭಾಗ, ಗಾಳಿ ನೇರವಾಗಿ ಬಡಿಯುವ ಜಾಗ. ಡಬ್ಬಿ ಅಲ್ಲಿ ಕೂತಿತು.

ಹೊಸ ಆಯಿಲ್ ಹಾಕಿ ಮೊದಲಿನ ಹಾಗೇ ಓಡಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಎರಡನೇ ಸ್ಯಾಂಪಲ್ ಕಳಿಸಿದರು. ಆ ರಿಪೋರ್ಟ್ ಬಂದ ಮೇಲೆ ನನಗೆ ಫೋನ್ ಮಾಡಿದ್ದು. ದನಿಯಲ್ಲೇ ಖುಷಿ ಇತ್ತು. "ನೋಡಿ ಸರ್, ಕೋಡ್ ಎಷ್ಟು ಇಳಿದಿದೆ! ಕಬ್ಬಿಣವೂ ಅರ್ಧಕ್ಕೆ ಬಂದಿದೆ. ಆಯಿಲ್ ಇನ್ನೂ ಹೊಂಬಣ್ಣದಲ್ಲೇ ಇದೆ."

ಮೂರೂ ನಿಜ. ಎರಡು ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು ಮೊದಲ ಪುಟ ನೋಡಿದೆ. ಗಟ್ಟಿತನ ಹೋದ ಸಲಕ್ಕಿಂತ ಇನ್ನೂ ಸ್ವಲ್ಪ ಕೆಳಗೆ. ಫ್ಲಾಶ್ ಪಾಯಿಂಟ್ ಇನ್ನೂ ಕೆಳಗೆ. ಪೆಟ್ರೋಲ್ ಶೇ 5 ಮುಟ್ಟಿತ್ತು. ಸತು, ಕ್ಯಾಲ್ಸಿಯಂ, ರಂಜಕ ಎಲ್ಲವೂ ಒಂದೇ ಪ್ರಮಾಣದಲ್ಲಿ ತುಸು ಇಳಿದಿದ್ದವು. ಆಯಿಲಿನ ರಕ್ಷಣೆಯ ಅಂಶಗಳಿಗೆ ಬೇರೇನೋ ದ್ರವ ಬೆರೆತಾಗ ಕಾಣುವ ಲಕ್ಷಣ ಇದು.

ಫಿಲ್ಟರಿಗೆ ಸಿಗದ್ದು

ಇಲ್ಲಿ ಒಂದು ವಿಷಯವನ್ನು ನಿಧಾನವಾಗಿ ಹೇಳಬೇಕು. ಪೆಟ್ರೋಲ್ ಆಯಿಲಿನಲ್ಲಿ ತೇಲುವ ಕಣ ಅಲ್ಲ, ಅದರಲ್ಲಿ ಕರಗಿ ಒಂದಾಗುವ ದ್ರವ. ಎಷ್ಟೇ ಸೂಕ್ಷ್ಮ ಕಾಗದ ಇದ್ದರೂ ಆಯಿಲಿನ ಜೊತೆ ಅದೂ ಹಾದುಹೋಗುತ್ತದೆ. ಅದನ್ನು ಹೊರಗೆ ಹಾಕುವ ದಾರಿ ಎರಡೇ. ಒಂದು, ಆಯಿಲನ್ನೇ ಚೆಲ್ಲುವುದು. ಇನ್ನೊಂದು, ಬಿಸಿಯಲ್ಲಿ ಆವಿಯಾಗಲು ಬಿಡುವುದು. ಆ ಆವಿಯನ್ನು ಪಿಸಿವಿ ವಾಲ್ವ್ ಎಂಜಿನ್ನಿನ ಬಾಯಿಗೇ ವಾಪಸ್ ಕಳಿಸುತ್ತದೆ, ಅದು ಉರಿದು ಹೋಗುತ್ತದೆ.

ಪೆಟ್ರೋಲ್ ಆಯಿಲಿಗೆ ಬರುವುದು ತಣ್ಣಗಿನ ಎಂಜಿನ್ ಸ್ಟಾರ್ಟ್ ಆದಾಗ. ಆಗ ಇಂಜೆಕ್ಟರ್ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಚಿಮ್ಮುತ್ತದೆ. ತಣ್ಣಗಿನ ಸಿಲಿಂಡರ್ ಗೋಡೆಗೆ ಒಂದಷ್ಟು ಅಂಟಿ, ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುತ್ತದೆ. ನೀರಿನ ಕಥೆಯೂ ಹಾಗೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ರಿಂಗ್ ದಾಟಿದ ಚೂರುಪಾರು ಎಂಜಿನ್ ಕೆಳಭಾಗದ ತಣ್ಣನೆಯ ಕ್ರ್ಯಾಂಕ್‌ಕೇಸಿನಲ್ಲಿ ಹನಿಗಟ್ಟುತ್ತದೆ. ಮುಚ್ಚಳದ ಕೆಳಗಿನ ಮೆತ್ತನೆ ಪದರ ಅದೇ.

ಈಗ ಇಂಧನದಲ್ಲಿ ಎಥನಾಲ್ ಕೂಡ ಇದೆ. ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟಿದ್ದರು. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖ ಹೀರುತ್ತದೆ. ಅಷ್ಟೇ ಕೆಲಸಕ್ಕೆ ಹೆಚ್ಚು ಪ್ರಮಾಣವೂ ಬೇಕು. ಹಾಗಾಗಿ ತಣ್ಣಗಿನ ಸ್ಟಾರ್ಟಿನಲ್ಲಿ ಗೋಡೆ ಇನ್ನಷ್ಟು ಒದ್ದೆಯಾಗುತ್ತದೆ. ಸಮಾಧಾನದ ಸಂಗತಿ ಏನೆಂದರೆ ಎಥನಾಲ್ 78 ಡಿಗ್ರಿಗೇ ಕುದಿಯುತ್ತದೆ. ಆಯಿಲ್ ಒಮ್ಮೆ ಚೆನ್ನಾಗಿ ಬಿಸಿಯಾದರೆ ಬೇಗ ಹೊರಟುಹೋಗುತ್ತದೆ. ಪೆಟ್ರೋಲಿನ ಭಾರದ ಅಂಶಗಳಿಗೆ 200 ಡಿಗ್ರಿ ಹತ್ತಿರದ ಬಿಸಿ ಬೇಕು, ಅವು ಪೂರ್ತಿ ಹೋಗುವುದಿಲ್ಲ.

ಮಾಮೂಲಿ ಕಾರಿನಲ್ಲಿ ಸ್ಟಾರ್ಟ್ ಆದ ಎಂಜಿನ್ ಮನೆ ತಲುಪುವವರೆಗೂ ಓಡುತ್ತದೆ. ಹೈಬ್ರಿಡ್‌ನಲ್ಲಿ ಸ್ವಲ್ಪ ಬೆಚ್ಚಗಾಗುವಷ್ಟರಲ್ಲಿ ನಿಲ್ಲುತ್ತದೆ, ತಣ್ಣಗಾಗುತ್ತದೆ, ಮತ್ತೆ ಸ್ಟಾರ್ಟ್ ಆಗುತ್ತದೆ. ಮೀಟರಿನಲ್ಲಿ ನಾಲ್ಕು ಕಿಲೋಮೀಟರ್ ಕಂಡರೂ ಎಂಜಿನ್ ಓಡಿದ್ದು ಕೆಲವೇ ನಿಮಿಷ.

ಡಬ್ಬಿ ಮೇಲೆ ಕೈ ಇಟ್ಟಾಗ

ಒಂದು ಬೆಳಿಗ್ಗೆ ಅವರ ವರ್ಕ್‌ಶಾಪಿನಲ್ಲೇ ಕಾರು ನೋಡಿದೆ. ಆಗಷ್ಟೇ ಮನೆಯಿಂದ ಬಂದಿದ್ದರು. ಕಾರಿನ ಕಂಪ್ಯೂಟರ್ ಓದುವ ಒಬಿಡಿ ಪೋರ್ಟಿಗೆ ಸಣ್ಣ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದರೆ ಕೂಲಂಟ್ ಇನ್ನೂ ಥರ್ಮೋಸ್ಟಾಟ್ (ಕೂಲಂಟ್ ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್) ತೆರೆಯುವ ಬಿಸಿಗೆ ಬಂದಿರಲಿಲ್ಲ. ಕೂಲಂಟೇ ಹೀಗಿದ್ದರೆ ಆಯಿಲ್ ಅದಕ್ಕಿಂತ ಹಿಂದೆ ಇರುತ್ತದೆ. ಆಯಿಲ್ ಬಿಸಿಯಾಗಲು ಯಾವಾಗಲೂ ಹೆಚ್ಚು ಹೊತ್ತು ಬೇಕು.

ಇನ್‌ಫ್ರಾರೆಡ್ ಥರ್ಮಾಮೀಟರ್ ತಂದರು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಸರಿಯಾದ ಅಂಕಿ ತೋರಿಸುವುದಿಲ್ಲ. ಅದಕ್ಕೆ ಚೇಂಬರಿಗೂ ಬೈಪಾಸ್ ಡಬ್ಬಿಗೂ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ, ಅದರ ಮೇಲೆ ಹಿಡಿದೆವು. ಚೇಂಬರ್ ಬೆಚ್ಚಗಿತ್ತು. ಡಬ್ಬಿ ಮಾತ್ರ ಹೊರಗಿನ ಗಾಳಿಗಿಂತ ಕೊಂಚ ಮೇಲೆ. ಅವರು ಅಂಗೈ ಪೂರ್ತಿ ಡಬ್ಬಿ ಮೇಲೆ ಇಟ್ಟು ಹಾಗೇ ನಿಂತರು. ಆಮೇಲೆ "ಇದು ಆಯಿಲ್ ಕೂಲರ್ ಆಗಿಬಿಟ್ಟಿದೆಯಲ್ಲ ಸರ್" ಅಂದರು. ನಾನು ಹೇಳುವ ಮೊದಲೇ ಅವರಿಗೆ ಹೊಳೆದಿತ್ತು.

ಆದರೆ ಪೂರ್ತಿ ತಪ್ಪನ್ನು ಡಬ್ಬಿ ಮೇಲೆ ಹಾಕುವುದು ಸರಿ ಇರಲಿಲ್ಲ. ಆಯಿಲ್ ಜಾಸ್ತಿ ಇದ್ದರೆ ಅಷ್ಟೇ ಪೆಟ್ರೋಲ್ ಹೆಚ್ಚು ಆಯಿಲಿನಲ್ಲಿ ಹಂಚಿಹೋಗುತ್ತದೆ, ಅದು ಒಳ್ಳೆಯದೇ. ಎರಡನೇ ಸ್ಯಾಂಪಲ್ಲಿನ ಅವಧಿಯಲ್ಲಿ ಮಳೆ, ತಂಪು ಹವೆ ಇತ್ತು. ಇಂಜೆಕ್ಟರ್ ಸೋರುತ್ತಿರಬಹುದು, ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿರಬಹುದು. ಇಷ್ಟು ಕಾರಣ ಇರುವಾಗ ಒಂದನ್ನೇ ಹಿಡಿದು ತೀರ್ಪು ಕೊಡಬಾರದು.

ಹಾಗಾಗಿ ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ಮಾತಾಡಿಕೊಂಡೆವು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದ ತೀರ್ಮಾನ ಇದು. ಡಬ್ಬಿಯನ್ನು ಕಿತ್ತೆಸೆಯುವ ಅವಸರವನ್ನು ಅವರು ಮಾಡಲಿಲ್ಲ. ಅದನ್ನು ಉಳಿಸಿಕೊಳ್ಳುವ ಹಟವನ್ನೂ ಮಾಡಲಿಲ್ಲ.

ಮೊದಲು ದೂರದ ಪ್ರಯಾಣದ ಪರೀಕ್ಷೆ. ಅದೇ ಹಳೆ ಆಯಿಲಿನಲ್ಲಿ ಗುಂಡ್ಲುಪೇಟೆ ಕಡೆ ಹೋಗಿ ಬಂದರು. ಹೋಗುವ ಮೊದಲು ಒಂದು ಸ್ಯಾಂಪಲ್, ಬಂದ ಮೇಲೆ ಒಂದು. ಆಯಿಲ್ ಬಿಸಿಯಾಗುತ್ತಿದ್ದ ಹಾಗೆ ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಮ್ಮಿ ಮಾಡುತ್ತಿದೆ ಎನ್ನುವ ಅಂಕಿ) ಮೈನಸ್ ಕಡೆಗೆ ಹೋಯಿತು. ಅಂದರೆ ಎಂಜಿನ್ನಿಗೆ ಬೇರೆಲ್ಲಿಂದಲೋ ಪೆಟ್ರೋಲ್ ಆವಿ ಬರುತ್ತಿದೆ, ಕಂಪ್ಯೂಟರ್ ಇಂಜೆಕ್ಟರನ್ನು ಕಮ್ಮಿ ಮಾಡುತ್ತಿದೆ. ಆ ಆವಿ ಬರುತ್ತಿದ್ದದ್ದು ಆಯಿಲಿನಿಂದ. ಸ್ವಲ್ಪ ಹೊತ್ತಿನ ನಂತರ ಟ್ರಿಮ್ ತನ್ನಷ್ಟಕ್ಕೆ ಸೊನ್ನೆಯ ಹತ್ತಿರ ಬಂತು. ಬಂದ ಮೇಲಿನ ಸ್ಯಾಂಪಲ್ಲಿನಲ್ಲಿ ಪೆಟ್ರೋಲ್ ಅರ್ಧಕ್ಕಿಂತ ಕಮ್ಮಿ. ಕೂಲಂಟ್ ಬಿಸಿಯೂ ದಾರಿಯುದ್ದಕ್ಕೂ ಸರಿಯಾಗಿ ನಿಂತಿತ್ತು. ಥರ್ಮೋಸ್ಟಾಟ್ ಚೆನ್ನಾಗಿದೆ. ಇಂಜೆಕ್ಟರ್ ಸೋರುತ್ತಿದ್ದರೆ ಇಷ್ಟು ಸುಲಭವಾಗಿ ಇಳಿಯುತ್ತಿರಲಿಲ್ಲ.

ಆಮೇಲೆ ಹೊಸ ಆಯಿಲ್, ಅದೇ ಬ್ರಾಂಡ್, ಅದೇ ಗ್ರೇಡ್. ಬಾಲ್ ವಾಲ್ವ್ ಮುಚ್ಚಿ, ಓಡಾಟ ಮಾತ್ರ ಮೊದಲಿನ ಹಾಗೇ. ಪೆಟ್ರೋಲ್ ಬೆರಕೆ ಸ್ವಲ್ಪ ಇಳಿಯಿತು, ದೊಡ್ಡ ವ್ಯತ್ಯಾಸ ಅಲ್ಲ. ಕೊನೆಗೆ ವಾಲ್ವ್ ಮುಚ್ಚಿದ್ದ ಹಾಗೇ ಓಡಾಟ ಬದಲಿಸಿದರು. ಆಗ ಗಟ್ಟಿತನ 6.9ರ ಗೆರೆ ದಾಟಿ ಮತ್ತೆ 20ರ ಗ್ರೇಡಿನೊಳಗೆ ನಿಂತಿತು. ಡಿಪ್‌ಸ್ಟಿಕ್ ಏರುವುದೂ ನಿಂತಿತು. ಡಬ್ಬಿಯ ಪಾಲು ಸಣ್ಣದು, ಓಡಿಸುವ ರೀತಿಯ ಪಾಲು ದೊಡ್ಡದು. ಒಂದೊಂದಾಗಿ ಬದಲಿಸದೇ ಇದ್ದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

ಕಬ್ಬಿಣದ ಅಂಕಿ ಹೆದರಿಸಿದ್ದು

ನಡುವೆ ಒಂದು ಗಾಬರಿಯೂ ಆಯಿತು. ವಾಲ್ವ್ ಮುಚ್ಚಿದ ಮೇಲಿನ ರಿಪೋರ್ಟಿನಲ್ಲಿ ಕಬ್ಬಿಣ ಮತ್ತೆ ಮೊದಲಿನ ಮಟ್ಟಕ್ಕೆ ಏರಿತ್ತು. ಫಿಲ್ಟರ್ ಇದ್ದಾಗ ಎಂಜಿನ್ ಕಮ್ಮಿ ಸವೆಯುತ್ತಿತ್ತು, ಈಗ ಜಾಸ್ತಿ ಸವೆಯುತ್ತಿದೆ ಎಂದು ಅವರು ತುಂಬಾ ಕಳವಳಪಟ್ಟರು.

ಲೋಹ ಅಳೆಯುವ ಲ್ಯಾಬಿನ ಯಂತ್ರ, ಸ್ಪೆಕ್ಟ್ರೋಮೀಟರ್, ನೋಡಬಲ್ಲದ್ದು ತೀರಾ ಸಣ್ಣ ಕಣಗಳನ್ನು, ಸುಮಾರು ಐದೆಂಟು ಮೈಕ್ರಾನ್ ಒಳಗಿನವನ್ನು. ಮಾಮೂಲಿ ಫಿಲ್ಟರ್ ಅವುಗಳಲ್ಲಿ ಹೆಚ್ಚಿನವನ್ನು ಬಿಟ್ಟುಬಿಡುವುದರಿಂದ ಅವು ಆಯಿಲಿನಲ್ಲೇ ಉಳಿದು, ರಿಪೋರ್ಟಿನಲ್ಲಿ ಎಷ್ಟು ಸವೆದಿದೆ ಎಂದು ಹೇಳುತ್ತವೆ. ಬೈಪಾಸ್ ಫಿಲ್ಟರ್ ಆ ಸಣ್ಣವುಗಳಲ್ಲೂ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಸವೆತ ಅಷ್ಟೇ ಇದ್ದರೂ ಆಯಿಲಿನಲ್ಲಿ ಕಬ್ಬಿಣ ಕಮ್ಮಿ ಕಾಣುತ್ತದೆ. ಫಿಲ್ಟರ್ ಹಾಕುವ ಮೊದಲಿನ ಅಂಕಿಯನ್ನು ಹಾಕಿದ ಮೇಲಿನ ಅಂಕಿಗೆ ನೇರವಾಗಿ ಹೋಲಿಸಬಾರದು. ನಿಗಾ ಇಡುವ ಸಾಧನವೂ ಸಾಕ್ಷಿ ಹಿಡಿದಿಡುವ ಸಾಧನವೂ ಒಂದೇ ದಾರಿಯಲ್ಲಿ ಕೂತಾಗ ಈ ಗೊಂದಲ ಆಗೇ ಆಗುತ್ತದೆ. ಬೈಪಾಸ್ ಹಾಕಿಸಿದವರು ಬಹಳ ಜನ ಇಲ್ಲೇ ಎಡವುತ್ತಾರೆ ಎನ್ನುವುದು ನನ್ನ ಅನಿಸಿಕೆ.

ಅನುಮಾನ ಪರಿಹಾರಕ್ಕೆ ಮಾಮೂಲಿ ಫಿಲ್ಟರನ್ನು ಕೊಯ್ದು ನೋಡಿದೆವು. ಗರಗಸದಲ್ಲಿ ಕೊಯ್ದರೆ ಅದರ ಪುಡಿಯೇ ಒಳಗೆ ಬೀಳುತ್ತದೆ. ಅದಕ್ಕೆ ಲೇತ್ ಮೇಲಿಟ್ಟು ಅಂಚನ್ನು ನಿಧಾನವಾಗಿ ಬಿಡಿಸಿದರು. ಕಾಗದದ ಮಡಿಕೆಗಳನ್ನು ಬಿಳಿ ಟ್ರೇಯಲ್ಲಿ ಹರಡಿ, ಆಯಿಲ್ ಬಸಿದು, ಟಾರ್ಚ್ ಬಿಟ್ಟು ಓರೆಯಾಗಿ ನೋಡಿದರೆ ಹೊಳೆಯುವ ಚೂರು ಒಂದೂ ಇರಲಿಲ್ಲ. ಅಯಸ್ಕಾಂತಕ್ಕೆ ಬೂದುಬಣ್ಣದ ತೆಳು ಲೇಪ ಅಂಟಿತು, ಅಷ್ಟೇ. ಸಮಾಧಾನ ಆಯಿತು.

ಕೊನೆಗೆ ಉಳಿದದ್ದು

ಇದೇ ಹೊತ್ತಿಗೆ ಸರ್ವಿಸ್ ಸೆಂಟರಿನವರೂ ಪ್ರೆಷರ್ ಸ್ವಿಚ್ ಜಾಗದ ಟೀ ಜಾಯಿಂಟ್ ನೋಡಿ, ಆಯಿಲ್ ವ್ಯವಸ್ಥೆಗೆ ವಾರಂಟಿ ಸಿಗುವುದು ಕಷ್ಟ ಎಂದರು. ಅವರ ಮಾತಿನಲ್ಲಿ ಹುರುಳಿದೆ. ಆ ಹೋಸ್ ಪ್ರೆಷರ್ ಲೈನು. ಎಲ್ಲಾದರೂ ಉಜ್ಜಿ ತೂತಾದರೆ ಚೇಂಬರಿನ ಆಯಿಲೆಲ್ಲ ರಸ್ತೆ ಮೇಲೆ. ಲಾಭ ಸಣ್ಣದಿರುವಾಗ ಇಂಥ ಅಪಾಯ ಹೊರುವುದರಲ್ಲಿ ಅರ್ಥವಿಲ್ಲ. ಮಾಲೀಕರು ಡಬ್ಬಿ, ಹೋಸ್ ಎಲ್ಲ ಬಿಚ್ಚಿ, ಸ್ವಿಚ್ಚನ್ನು ಮೊದಲಿನ ಜಾಗಕ್ಕೇ ಕೂರಿಸಿದರು. ಬೇಸರ ಇತ್ತು. ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಅಲ್ವಾ.

ಗಟ್ಟಿ ಗ್ರೇಡಿನ ಆಯಿಲ್ ಹಾಕುವ ಮಾತೂ ಬಂದಿತ್ತು. ತೆಳುವಾಗುವುದಿದ್ದರೆ ಗಟ್ಟಿಯಾದದ್ದರಿಂದಲೇ ಶುರು ಮಾಡಿದರೆ ಹೇಗೆ ಎಂದು. ಅದು ಪೆಟ್ರೋಲನ್ನು ತಡೆಯುವುದಿಲ್ಲ, ಬರೀ ಸ್ವಲ್ಪ ಅವಕಾಶ ಕೊಡುತ್ತದೆ. ಓಡಾಟ ಬದಲಿಸಿದ್ದರಿಂದಲೇ ಅಂಕಿ ಸರಿಯಾದ ಮೇಲೆ ಅದರ ಅಗತ್ಯ ಬೀಳಲಿಲ್ಲ. ಮ್ಯಾನ್ಯುಯಲ್ ಹೇಳಿದ ಗ್ರೇಡನ್ನೇ ಇಟ್ಟುಕೊಂಡರು.

ಓಡಾಟದಲ್ಲಿ ಮಾಡಿದ ಬದಲಾವಣೆ ದೊಡ್ಡದೇನಲ್ಲ. ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಷ್ಟು ಎಡೆಬಿಡದ ಪ್ರಯಾಣ, ನಂಜನಗೂಡು ದಾಟಿ ಅಥವಾ ಎಕ್ಸ್‌ಪ್ರೆಸ್‌ವೇ ಮೇಲೆ ಮಂಡ್ಯದ ಕಡೆಗೆ. ಹತ್ತಿರದ ಎರಡು ಮೂರು ಕೆಲಸಗಳನ್ನು ಬೇರೆ ಬೇರೆಯಾಗಿ ಮಾಡದೆ ಒಂದೇ ಸುತ್ತಿನಲ್ಲಿ ಮುಗಿಸುವುದು. ಎಂಜಿನ್ ಬಿಸಿಯಾಗುವ ಮೊದಲು ಇವಿ ಬಟನ್ ಒತ್ತದಿರುವುದು. ಕೆರೆ ದಂಡೆಗೆ ಹೋಗುವುದಕ್ಕೆ ಈಗ ಸ್ಕೂಟರ್. ಪರದೆಯ ಶೇಕಡಾವಾರು ಕೆಳಗೆ ಬಂತು, ಮೈಲೇಜೂ ಕೊಂಚ ಇಳಿಯಿತು. ಆಯಿಲ್ ಚೇಂಜ್ ಆರು ತಿಂಗಳಿಗೆ, ಕಿಲೋಮೀಟರ್ ಎಷ್ಟೇ ಇರಲಿ. ಎರಡು ವರ್ಷಕ್ಕೆ ಎಳೆಯಬೇಕು ಎಂದು ಶುರುವಾದ ಯೋಜನೆ ಅರ್ಧ ವರ್ಷಕ್ಕೆ ಬಂದು ನಿಂತಿತು. ಅವರು ಅದನ್ನು ಸೋಲು ಎಂದುಕೊಳ್ಳಲಿಲ್ಲ. ಪ್ರತಿ ಸಲ ಲ್ಯಾಬಿಗೆ ಕೊಡುವ ದುಡ್ಡಿನಲ್ಲಿ ಹೆಚ್ಚುಕಮ್ಮಿ ಒಂದು ಆಯಿಲ್ ಚೇಂಜ್ ಆಗುತ್ತದೆ ಎಂದು ಲೆಕ್ಕ ಹಾಕಿ ಹೇಳಿದರು.

ಇದೇ ಕಾರು ಬೆಂಗಳೂರಿನಲ್ಲಿ ಏರ್‌ಪೋರ್ಟ್ ಟ್ಯಾಕ್ಸಿ ಆಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ದಿನವಿಡೀ ಬಿಸಿಯಾಗಿ ಓಡುವ ಎಂಜಿನ್ನಿನಲ್ಲಿ ಪೆಟ್ರೋಲ್ ಆಯಿಲಿನಲ್ಲಿ ಹೆಚ್ಚು ನಿಲ್ಲುವುದಿಲ್ಲ. ಅಲ್ಲಿ ನೋಡಬೇಕಾದ್ದು ಕಣ, ಆಕ್ಸಿಡೇಷನ್ (ಬಿಸಿ, ಗಾಳಿಯಿಂದ ಆಯಿಲ್ ಕೆಡುವುದು), ಟಿಬಿಎನ್ (ಆಮ್ಲವನ್ನು ತಡೆಯುವ ಆಯಿಲಿನ ಶಕ್ತಿಯ ಅಳತೆ). ಆದರೂ ಟಿಬಿಎನ್ ಇಳಿದ ಆಯಿಲಿಗೆ ಫಿಲ್ಟರ್ ಅದನ್ನು ವಾಪಸ್ ತುಂಬಿಕೊಡಲಾರದು.

ಲ್ಯಾಬಿಗೆ ಖರ್ಚು ಮಾಡದೆಯೂ ಮನೆಯಲ್ಲಿ ನಿಗಾ ಇಡಬಹುದು. ತಿಂಗಳಿಗೊಮ್ಮೆ, ಸಮತಟ್ಟಾದ ಒಂದೇ ಜಾಗದಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ ನೋಡಿ ಬರೆದಿಡಿ. ಇಳಿಯುವುದನ್ನು ಮಾತ್ರವಲ್ಲ, ಏರುವುದನ್ನೂ ಗಮನಿಸಿ. ಫಿಲ್ಟರ್ ಕಾಗದದ ಮೇಲೆ ಒಂದು ಹನಿ ಬಿಟ್ಟು ಒಂದು ದಿನ ಇಟ್ಟರೆ, ಹೊರಗಡೆ ಅಗಲವಾಗಿ ಹರಡುವ ತಿಳಿ ಉಂಗುರ ಪೆಟ್ರೋಲ್ ಇದೆ ಎಂದು ಸೂಚಿಸುತ್ತದೆ. ಅದು ಪ್ರಮಾಣ ಹೇಳುವುದಿಲ್ಲ, ಆದರೆ ಹೋದ ತಿಂಗಳ ಕಾಗದದ ಪಕ್ಕ ಇಟ್ಟರೆ ಬದಲಾವಣೆ ಕಾಣುತ್ತದೆ.

ಲ್ಯಾಬಿಗೆ ಕಳಿಸುವುದಾದರೆ ಫಾರಂನಲ್ಲಿ ಜಾಗ ಇರಲಿ, ಇಲ್ಲದಿರಲಿ, ಸ್ಯಾಂಪಲ್ ತೆಗೆಯುವ ಮೊದಲು ಕಾರು ಹೇಗೆ ಓಡಿತ್ತು ಎಂದು ಬರೆಯಿರಿ. ಗುಂಡ್ಲುಪೇಟೆಗೆ ಹೋಗಿ ಬಂದ ಮೇಲೆ ಮಾತ್ರ ಸ್ಯಾಂಪಲ್ ತೆಗೆದಿದ್ದರೆ ಈ ಕಾರಿನ ರಿಪೋರ್ಟ್ ಚೆನ್ನಾಗೇ ಬರುತ್ತಿತ್ತು, ತೊಂದರೆ ಯಾರಿಗೂ ಕಾಣುತ್ತಿರಲಿಲ್ಲ. ಡ್ರೈನ್ ಬೋಲ್ಟಿನಿಂದ ತೆಗೆದರೆ ಮೊದಲು ಬೀಳುವುದನ್ನೂ ಕೊನೆಯ ಹನಿಗಳನ್ನೂ ಬಿಟ್ಟು ನಡುವಿನದು ಹಿಡಿಯಿರಿ. ಡಿಪ್‌ಸ್ಟಿಕ್ ದಾರಿಯಲ್ಲಿ ಕೈ ಪಂಪಿನಿಂದ ಎಳೆದರೆ ಪ್ರತಿ ಸಲವೂ ಹಾಗೇ ಎಳೆಯಿರಿ. ಬಾಟಲಿ ಮುಚ್ಚಳ ತಕ್ಷಣ ಬಿಗಿ ಮಾಡಿ, ತಡವಾದರೆ ಪೆಟ್ರೋಲ್ ಅಲ್ಲೇ ಹಾರಿಹೋಗುತ್ತದೆ. ಪೆಟ್ರೋಲ್ ಬೆರಕೆ, 100 ಡಿಗ್ರಿಯ ಗಟ್ಟಿತನ, ಫ್ಲಾಶ್ ಪಾಯಿಂಟ್, ನೀರು, ಲೋಹಗಳು, ಇಷ್ಟನ್ನು ಕೇಳಿ. ಊರೊಳಗೆ ಓಡುವ ಪೆಟ್ರೋಲ್ ಹೈಬ್ರಿಡ್‌ಗೆ ಕಣಗಳ ಎಣಿಕೆಯ ಚೌಕವನ್ನು ಖಾಲಿ ಬಿಡಬಹುದು.